ಪದವಿನ ಮೇಲೊಂದು ಕಕ್ಕೆ ಮರ



ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಇಂಥ ಊರಿನವನು ಬರ ತಾಳುವ ಹೂಮರದ ವಿಷಯ ಮಾತಾಡುತ್ತೇನೆ ಅಂದರೆ ನಗುವವರು ಇದ್ದಾರು. ಅವರು ಒಮ್ಮೆ ಮಾರ್ಚ್ ತಿಂಗಳ ನಡುಹಗಲಿನಲ್ಲಿ ಸೀತಾಂಗೋಳಿಯಲ್ಲಿ ನಾವು ಪದವು ಎನ್ನುವ ಮುರಕಲ್ಲಿನ ಬಯಲಿಗೋ ಪೊಸಡಿ ಗುಂಪೆಯ ಇಳಿಜಾರಿಗೋ ಹೋಗಿ ಬರಬೇಕು. ಬರಿಗಾಲು ಇಡುವ ಹಾಗಿಲ್ಲ. ಮುಳಿಹುಲ್ಲು ಒಣಗಿ ಬೆಂಕಿಕಡ್ಡಿಗೆ ಕಾದು ನಿಂತಿರುತ್ತದೆ. ಕಪ್ಪುಗಟ್ಟಿದ ಮುರಕಲ್ಲಿನ ಮೇಲೆ ಬಿಸಿಗಾಳಿ ನಡುಗುವುದು ಕಣ್ಣಿಗೆ ಕಾಣುತ್ತದೆ. ಪೈವಳಿಕೆಯಲ್ಲಿ ಸೌರ ವಿದ್ಯುತ್ತಿನ ಹಲಗೆಗಳನ್ನು ಸಾಲಾಗಿ ಹಾಸಿದ್ದು ಸುಮ್ಮನೆ ಅಲ್ಲ. ಅಲ್ಲಿ ಬಿಸಿಲೇ ಬೆಳೆ.

ಮಳೆಯ ಲೆಕ್ಕ ನಮ್ಮನ್ನು ಮೋಸಗೊಳಿಸುತ್ತದೆ. 3500 ಮಿಲಿಮೀಟರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ತುಲಾ ಮಾಸದ ಗುಡುಗು ಮಳೆ ಇನ್ನಷ್ಟು ಕೊಡುತ್ತದೆ. ಆಮೇಲೆ ದಶಂಬರದಿಂದ ಬಿಸುವಿನವರೆಗೆ ಆಕಾಶ ಹೆಚ್ಚುಕಡಿಮೆ ಬರಿದು. ಮಳೆಗಾಲದಲ್ಲಿ ಬಿದ್ದ ನೀರಾದರೂ ಪದವಿನ ಮೇಲೆ ನಿಲ್ಲುತ್ತದೆಯೇ ಅಂದರೆ ಅದೂ ಇಲ್ಲ. ಮೇಲಿನ ಗಟ್ಟಿ ಕಲ್ಲಿನ ಮೇಲೆ ಜಾರಿ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಹಾಗಾಗಿ ನಮ್ಮ ಪದವುಗಳು ಅರ್ಧ ವರ್ಷ ಮಲೆನಾಡು, ಅರ್ಧ ವರ್ಷ ಮರುಭೂಮಿ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ ಇರುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಈಗ ಮೇಲೆ ಪದವಿನಲ್ಲಿ ಐದು ಹತ್ತು ಸೆಂಟ್ಸ್ ಜಾಗ ತೆಗೆದು ಮನೆ ಕಟ್ಟುವವರು ಹೆಚ್ಚಾಗಿದ್ದಾರೆ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಂಗಳದ ಬದಿಗೆ ಒಂದು ಹೂವಿನ ಮರ ಬೇಕು, ಬೇಸಗೆಯಲ್ಲಿ ಕೊಳವೆಬಾವಿಯ ನೀರು ಕುಡಿಸಲು ಆಗುವುದಿಲ್ಲ, ಯಾವುದು ನೆಡುವುದು?

ಮರುಭೂಮಿಯಂಥ ಜಾಗಕ್ಕೆ ಮರುಭೂಮಿಯ ಮರವನ್ನೇ ತಂದರಾಯಿತು ಅನಿಸುವುದು ಸಹಜ. ರಾಜಸ್ಥಾನದಲ್ಲಿ ರೋಹಿಡಾ ಎಂಬ ಮರ ಉಂಟು. ಆ ರಾಜ್ಯದ ಹೂವೇ ಅದು. ಥಾರ್ ಮರಳಿನಲ್ಲಿ ನಿಂತು ಹಳದಿ, ಕಿತ್ತಳೆ, ಕೆಂಪು ಹೂ ಬಿಡುತ್ತದೆ. ಅಮೆರಿಕದ ಒಣನಾಡಿನಿಂದ ಬಂದ ಪಾರ್ಕಿನ್ಸೋನಿಯ ಉಂಟು, ಹಸಿರು ತೊಗಟೆ, ಮುಳ್ಳು, ಹಳದಿ ಹೂ. ಕುಂಡದಲ್ಲಿ ಬೆಳೆಸುವ ಅಡೀನಿಯಂ ಅಂತೂ ಈಗ ಪ್ರತಿ ನರ್ಸರಿಯಲ್ಲಿ ಸಿಗುತ್ತದೆ. ಇವೆಲ್ಲ ಬರವನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತವೆ. ತಾಳದೇ ಇರುವುದು ನಮ್ಮ ಆಟಿ ತಿಂಗಳ ಮಳೆಯನ್ನು. ವಾರಗಟ್ಟಲೆ ಬುಡ ಒದ್ದೆಯಾಗಿಯೇ ಇದ್ದರೆ ಮರಳುನಾಡಿನ ಬೇರು ಕೊಳೆಯುತ್ತದೆ. ಅಡೀನಿಯಂ ಸಾಕಿದವರನ್ನು ಕೇಳಿ ನೋಡಿ: ಏಪ್ರಿಲ್‌ನಲ್ಲಿ ಮೈತುಂಬ ಹೂ ಬಿಟ್ಟ ಗಿಡ ಸೋಣ ತಿಂಗಳಿಗೆ ಬುಡ ಮೆತ್ತಗಾಗಿ ಬಾಗಿರುತ್ತದೆ. ಕಾಸರಗೋಡಿನ ಪದವಿಗೆ ಬೇಕಾದ ಮರ ಬೇಸಗೆಯ ಪರೀಕ್ಷೆಯನ್ನೂ ಪಾಸಾಗಬೇಕು, ಮಳೆಗಾಲದ ಪರೀಕ್ಷೆಯನ್ನೂ ಪಾಸಾಗಬೇಕು. ಹೊರಗಿನಿಂದ ತಂದ ಹೆಚ್ಚಿನ ಮರಗಳು ಇದರಲ್ಲಿ ಯಾವುದೋ ಒಂದರಲ್ಲಿ ನಪಾಸು.

ಎರಡರಲ್ಲೂ ಗೆದ್ದ ಮರ ನಮ್ಮ ಕಣ್ಣೆದುರೇ ಇದೆ. ಕನ್ನಡದಲ್ಲಿ ಕಕ್ಕೆ, ತುಳುವಿನಲ್ಲಿ ಕೊಂದೆ, ಮಲಯಾಳದಲ್ಲಿ ಕಣಿಕೊನ್ನ. ಸಂಸ್ಕೃತದ ವೈದ್ಯ ಗ್ರಂಥಗಳಲ್ಲಿ ಆರಗ್ವಧ. ಕೇರಳ ರಾಜ್ಯದ ಹೂ ಇದೇ, ಥಾಯ್ಲೆಂಡಿನ ರಾಷ್ಟ್ರೀಯ ಹೂವೂ ಇದೇ. ಹಿಮಾಲಯದ ತಪ್ಪಲಿನಿಂದ ಕೇರಳದ ತನಕ ಈ ಮರ ಬೆಳೆಯುತ್ತದೆ. ದಿಲ್ಲಿಯ ಅಮೃತಾ ಶೇರ್‌ಗಿಲ್ ಮಾರ್ಗದ ಎರಡೂ ಬದಿಗೆ ಇದನ್ನೇ ನೆಟ್ಟಿದ್ದಾರೆ. ನಮ್ಮಲ್ಲಿ ಬೀಳುವ ಮಳೆಯ ನಾಲ್ಕನೇ ಒಂದು ಪಾಲೂ ಬೀಳದ ದಿಲ್ಲಿಯಲ್ಲಿ ಮೇ ತಿಂಗಳ ಸೆಕೆಗೆ ಅಲ್ಲಿ ರಸ್ತೆಯಿಡೀ ಹಳದಿ. ಅದೇ ಮರ ಕುಂಬಳೆಯ ಜಡಿಮಳೆಯಲ್ಲೂ ಆರಾಮವಾಗಿ ನಿಂತಿರುತ್ತದೆ. ಇಷ್ಟು ಅಗಲಕ್ಕೆ ಹೊಂದಿಕೊಳ್ಳುವ ಹೂಮರ ನನಗೆ ಬೇರೆ ಕಂಡಿಲ್ಲ. ಅಂದ ಹಾಗೆ ನಮ್ಮ ಜಿಲ್ಲೆಗೆ ಅದರದೇ ಆದ ಮರವೂ ಉಂಟು. 2023ರಲ್ಲಿ ಕಾಸರಕವನ್ನು ಜಿಲ್ಲೆಯ ಮರ ಎಂದು ಘೋಷಿಸಿದರು. ಅದಕ್ಕೆ ಗೌರವ ಸಲ್ಲಲಿ. ಆದರೆ ಅಂಗಳದ ಅಂದಕ್ಕೆ ಕಾಸರಕ ನೆಡಿ ಎಂದು ನಾನು ಯಾರಿಗೂ ಹೇಳಲಾರೆ.

ಕಕ್ಕೆ ಬರವನ್ನು ಹೇಗೆ ದಾಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ತಿಳಿದರೆ ಆರೈಕೆ ತಾನಾಗಿ ತಿಳಿಯುತ್ತದೆ. ಬೇಸಗೆ ಹತ್ತಿರ ಬಂದಾಗ ಮರ ಎಲೆ ಉದುರಿಸುತ್ತದೆ. ಮರದ ನೀರು ಖರ್ಚಾಗುವುದು ಮುಖ್ಯವಾಗಿ ಎಲೆಯಿಂದ. ಎಲೆ ಇಲ್ಲದಿದ್ದರೆ ಖರ್ಚೂ ಇಲ್ಲ. ಹೀಗೆ ಬೋಳಾದ ಮರ ಬೇರಿನಲ್ಲೂ ಕಾಂಡದಲ್ಲೂ ಕೂಡಿಟ್ಟದ್ದನ್ನು ಹೂವಿಗೆ ಸುರಿಯುತ್ತದೆ. ಆ ಬೇರು ಎಲ್ಲಿಗೆ ಇಳಿದಿರುತ್ತದೆ? ನೀರಿಗಾಗಿ ಸುರಂಗ ಕೊರೆಯುವವರಿಗೆ ಈ ನೆಲದ ಒಳಗು ಚೆನ್ನಾಗಿ ಗೊತ್ತು. ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಮೆತ್ತಗಿನ ಕಲ್ಲು, ಅದಕ್ಕೂ ಕೆಳಗೆ ಶೇಡಿ ಮಣ್ಣು. ಕಲ್ಲಿನ ಬಿರುಕುಗಳಲ್ಲಿ ಇಳಿದ ಮಳೆನೀರು ಶೇಡಿಯ ಮೇಲೆ ಬಂದು ನಿಂತು ನಿಧಾನವಾಗಿ ಹರಿಯುತ್ತದೆ. ಗುಡ್ಡಕ್ಕೆ ಅಡ್ಡವಾಗಿ ಸುರಂಗ ತೋಡಿ ಬದಿಯಡ್ಕ, ಪೆರ್ಲ, ಎಣ್ಮಕಜೆಯ ಕೃಷಿಕರು ಕುಡಿಯುತ್ತಾ ಬಂದದ್ದು ಈ ನೀರನ್ನೇ. ಕಕ್ಕೆಯ ತಾಯಿಬೇರು ಮಾಡುವ ಕೆಲಸವೂ ಅದೇ. ಬಿರುಕು ಹುಡುಕಿಕೊಂಡು ನೇರ ಕೆಳಗೆ ಇಳಿಯುತ್ತದೆ.

ಹಾಗಾಗಿ ಈ ಮರ ಬೆಳೆಸುವವನು ಮಾಡಬೇಕಾದ ದೊಡ್ಡ ಉಪಕಾರ ತಾಯಿಬೇರಿಗೆ ಅಡ್ಡಿಯಾಗದೆ ಇರುವುದು. ಆಳೆತ್ತರ ಬೆಳೆದ ಸಸಿಯನ್ನು ದುಡ್ಡು ಕೊಟ್ಟು ತಂದು ನೆಟ್ಟರೆ ಬೇಗ ಹೂ ಬಂದೀತು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆ ಸಸಿಯ ಬೇರು ತೊಟ್ಟೆಯೊಳಗೆ ಸುತ್ತು ಸುತ್ತಾಗಿ ಸುರುಳಿ ಕಟ್ಟಿರುತ್ತದೆ. ಮಣ್ಣಿಗೆ ಬಿದ್ದ ಮೇಲೂ ಅದು ಸುತ್ತುತ್ತಲೇ ಇರುತ್ತದೆ. ಎರಡು ಮೂರು ವರ್ಷ ನೀರು ಹಾಕುವಷ್ಟು ದಿನ ಚೆನ್ನಾಗಿ ಕಾಣುವ ಇಂಥ ಗಿಡ ನೀರು ನಿಲ್ಲಿಸಿದ ಬೇಸಗೆಯಲ್ಲಿ ಒಣಗುತ್ತದೆ. ಗೇಣುದ್ದದ, ಒಂದೇ ಮಳೆಗಾಲ ಕಂಡ ಸಸಿಯೇ ಒಳ್ಳೆಯದು. ಜೂನ್ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಇಂಥ ಸಸಿ ಸಿಗುವುದುಂಟು. ಅದಕ್ಕಿಂತ ಒಳ್ಳೆಯದು ಬೀಜದಿಂದ ನೀವೇ ಎಬ್ಬಿಸಿದ್ದು.

ಬೀಜದ ಮಾತು ಬಂತು. ಹೂ ಮುಗಿದ ಮೇಲೆ ಮೂಡುವ ಕೋಡು ಹಸಿರಾಗಿ ಇಳಿದು, ಬಲಿತು ಕಪ್ಪಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಈ ವರ್ಷದ ಹೂವಿನ ಪಕ್ಕದಲ್ಲೇ ಕಳೆದ ವರ್ಷದ ಕರಿ ಕೋಡು ತೂಗುವುದನ್ನು ನೀವು ನೋಡಿಯೇ ಇರುತ್ತೀರಿ. ಒಂದು ಒಂದೂವರೆ ಅಡಿ ಉದ್ದ, ಕೆಲವು ಎರಡು ಅಡಿಯವರೆಗೂ ಹೋಗುತ್ತವೆ. ಅಲ್ಲಾಡಿಸಿದರೆ ಗಿಲಕಿಯ ಸದ್ದು. ಒಡೆದರೆ ಒಳಗೆ ನಾಣ್ಯ ಪೇರಿಸಿಟ್ಟ ಹಾಗೆ ಬಿಲ್ಲೆಗಳು, ಬಿಲ್ಲೆಗಳ ನಡುವೆ ಕಪ್ಪು ಅಂಟು, ಒಂದೊಂದು ಕೋಣೆಯಲ್ಲಿ ಒಂದೊಂದು ಬೀಜ. ಒಂದು ಕೋಡಿನಲ್ಲಿ 40ರಿಂದ 100 ಬೀಜ ಸಿಗುತ್ತವೆ. ಆ ಅಂಟು ಸಿಹಿ. ಮಂಗ, ನರಿಗಳಂಥ ಪ್ರಾಣಿಗಳು ಅದರ ಆಸೆಗೆ ಕೋಡು ಒಡೆದು ಬೀಜ ಹರಡುತ್ತವೆ. ಮನುಷ್ಯರಿಗೆ ಅದು ಭೇದಿಯ ಮದ್ದು. ಆಯುರ್ವೇದದಲ್ಲಿ ಹೊಟ್ಟೆ ಸಡಿಲಿಸಲು ಮೃದುವಾದ ಔಷಧವೆಂದು ಆರಗ್ವಧಕ್ಕೆ ಹೆಸರು. ಚರ್ಮದ ತೊಂದರೆಗೆ ಆರಗ್ವಧಾದಿ ಕಷಾಯವೂ ಇದೆ. ಅದೆಲ್ಲ ವೈದ್ಯರ ಲೆಕ್ಕದಲ್ಲಿ ಇರಲಿ. ಮಕ್ಕಳು ರುಚಿ ನೋಡಲು ಹೋಗದಂತೆ ನೋಡಿಕೊಂಡರೆ ಸಾಕು.

ಬೀಜ ತೊಳೆದು ಸುಮ್ಮನೆ ಮಣ್ಣಿಗೆ ಹಾಕಿದರೆ ಮೊಳಕೆ ಬರುವುದು ಅಪರೂಪ. ಮೇಲಿನ ಸಿಪ್ಪೆ ಅಷ್ಟು ಗಟ್ಟಿ, ನೀರು ಒಳಗೆ ಹೋಗುವುದೇ ಇಲ್ಲ. ವರ್ಷಗಟ್ಟಲೆ ಮಲಗಿಯೇ ಇರಬಲ್ಲದು. ನರ್ಸರಿಯವರು ಗಂಧಕಾಮ್ಲದಲ್ಲಿ ಸ್ವಲ್ಪ ಹೊತ್ತು ಅದ್ದಿ ಸಿಪ್ಪೆ ಸವೆಸುತ್ತಾರೆ. ಮನೆಯಲ್ಲಿ ಆ ಸಾಹಸ ಬೇಡವೇ ಬೇಡ. ನಮ್ಮಲ್ಲಿ ಕೆಂಪುಕಲ್ಲಿಗೆ ಬರ ಇಲ್ಲವಲ್ಲ. ಬೀಜದ ಕಣ್ಣು ಇರುವ ತುದಿ ಬಿಟ್ಟು ಇನ್ನೊಂದು ಬದಿಯನ್ನು ಕಲ್ಲಿಗೆ ತಿಕ್ಕಿ, ಒಳಗಿನ ಬಿಳಿ ಕಾಣುವಷ್ಟು ಮಾತ್ರ. ಆಮೇಲೆ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ತುಂಬ ಬೀಜ ಇದ್ದರೆ ತಿಕ್ಕಲು ಬೇಸರ ಬರುತ್ತದೆ, ಆಗ ಕುದಿದ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು ಬೆಳಗಿನವರೆಗೆ ಬಿಡಬಹುದು. ಒಲೆಯ ಮೇಲೆಯೇ ಬೀಜ ಬೇಯಿಸಬೇಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದಕ್ಕೆ ಇನ್ನೊಮ್ಮೆ ಅದೇ ಚಿಕಿತ್ಸೆ. ಒಂದರಿಂದ ಮೂರು ವಾರದೊಳಗೆ ಮೊಳಕೆ ಕಾಣುತ್ತದೆ. ಉದ್ದನೆಯ ತೊಟ್ಟೆ ಆರಿಸಿಕೊಳ್ಳಿ, ಗಿಡ್ಡ ತೊಟ್ಟೆಯಲ್ಲಿ ಬೇರು ಬೇಗ ತಳ ಮುಟ್ಟುತ್ತದೆ. ಮಣ್ಣು, ಮರಳು, ಹಳೆಯ ಹಟ್ಟಿಗೊಬ್ಬರ ಸಮಸಮ ಇದ್ದರೆ ಸಾಕು.

ನೆಡುವ ಕಾಲ ಪತ್ತನಾಜೆ ಕಳೆದು ಮುಂಗಾರು ಹಿಡಿದ ಮೇಲೆ. ಜಾಗ ಹುಡುಕುವಾಗ ಎರಡು ವಿಷಯ ನೋಡಬೇಕು. ಒಂದು, ಬಿಸಿಲು. ಈ ಮರಕ್ಕೆ ನೆರಳು ಕೂಡದು. ಮನೆಯ ಹಿಂದೆ ಹಲಸಿನ ಅಡಿಯಲ್ಲಿ ನೆಟ್ಟು ಹೂವಿಗೆ ಕಾದರೆ ಕಾಯುವುದೇ ಕೆಲಸವಾದೀತು. ಇನ್ನೊಂದು, ಕಲ್ಲಿನ ಬಿರುಕು. ಅಖಂಡ ಹಾಸುಗಲ್ಲಿನ ಮೇಲೆ ಹೋರಾಟ ಬೇಡ. ಹುಲ್ಲು ದಟ್ಟವಾಗಿ, ಕೇಪಳದ ಪೊದೆ ಎತ್ತರಕ್ಕೆ ಬೆಳೆದ ಕಡೆ ಕೆಳಗೆ ಸಂದು ಇದೆ ಎಂದು ಅರ್ಥ, ಅಲ್ಲಿ ಪಿಕ್ಕಾಸು ಹಾಕಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ. ತೆಂಗಿಗೆ ಮುರಕಲ್ಲಿನಲ್ಲಿ ಗುಂಡಿ ತೋಡಿದರೆ ಎರಡು ಕಿಲೋ ಉಪ್ಪು ಹಾಕಿ ಆರು ತಿಂಗಳು ಬಿಟ್ಟು ಕಲ್ಲು ಮೆತ್ತಗಾಗಿಸುವ ಕ್ರಮ ನಮ್ಮಲ್ಲಿದೆ, ಕೃಷಿ ತಜ್ಞರೂ ಅದನ್ನು ಹೇಳುತ್ತಾರೆ. ಕಕ್ಕೆಗೆ ಉಪ್ಪಿನ ಗೋಜು ಬೇಡ. ತೆಗೆದ ಮಣ್ಣಿಗೆ ಒಂದು ಬುಟ್ಟಿ ಸುಡುಮಣ್ಣು, ಒಂದಿಷ್ಟು ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ, ಬುಡ ಸ್ವಲ್ಪ ಏರಿಯಾಗಿ ನಿಲ್ಲುವಂತೆ ನೆಡಿ. ಆಟಿಯ ನೀರು ಬುಡದಲ್ಲಿ ಮಡುಗಟ್ಟಬಾರದು. ಈ ಮರ ಮಳೆ ತಾಳುತ್ತದೆ ನಿಜ, ಆದರೆ ಕೆರೆಯಲ್ಲಿ ನಿಲ್ಲುವ ಜಾತಿ ಅಲ್ಲ.

ಮನೆಯ ಗೋಡೆಯಿಂದ ಹದಿನೈದು ಇಪ್ಪತ್ತು ಅಡಿ ದೂರ ಇರಲಿ. ವಿದ್ಯುತ್ ತಂತಿಯ ಅಡಿಯಲ್ಲಿ ಬೇಡ, ಮೂವತ್ತು ನಲ್ವತ್ತು ಅಡಿ ಏರಬಲ್ಲ ಮರ ಇದು. ಕಾರು ನಿಲ್ಲಿಸುವ ಜಾಗವೂ ಬೇಡ. ಉದುರಿದ ಕೋಡು ಚಕ್ರಕ್ಕೆ ಸಿಕ್ಕಿದರೆ ಅಂಟು ಅಂಗಳವಿಡೀ ಹರಡಿ ವಾಸನೆ ಹಿಡಿಯುತ್ತದೆ.

ಇನ್ನು ಆರೈಕೆ. ಮೊದಲ ಎರಡು ಬೇಸಗೆ ದಾಟಿಸುವುದೇ ಆರೈಕೆ, ಆಮೇಲಿನದೆಲ್ಲ ಮರದ ಪಾಡು. ದಶಂಬರದಿಂದ ಮೇ ತನಕ ವಾರಕ್ಕೊಮ್ಮೆ ಒಂದು ಕೊಡ ನೀರು, ಬುಡದಲ್ಲಿ ನಿಧಾನವಾಗಿ ಇಂಗುವ ಹಾಗೆ. ದಿನಾ ಒಂದು ಚೊಂಬು ಚಿಮುಕಿಸುವುದರಿಂದ ಬೇರು ಮೇಲೇ ಉಳಿದುಬಿಡುತ್ತದೆ. ಬುಡದ ಸುತ್ತ ತರಗೆಲೆ ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ತಾಗಿಸಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಪಡುವಣ ಬಿಸಿಲಿಗೆ ಒಂದು ತೆಂಗಿನ ಮಡಲು ಚುಚ್ಚಿಡಿ. ದನ, ಆಡುಗಳು ಕಕ್ಕೆಯ ಎಲೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಪದವಿನಲ್ಲಿ ಮರ ಮಾಡುವವನಿಗೆ ಇದು ದೊಡ್ಡ ಸಮಾಧಾನ. ಹೆದರಬೇಕಾದದ್ದು ಬೆಂಕಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಬೀಡಿಯ ಒಂದು ತುಂಡಿನಿಂದ ಇಡೀ ಪದವಿನ ಮುಳಿ ಉರಿದುಹೋಗುತ್ತದೆ. ಫೆಬ್ರವರಿಗೆ ಮೊದಲೇ ಗಿಡದ ಸುತ್ತ ಒಂದು ಮಾರು ಹುಲ್ಲು ಕೆತ್ತಿ ತೆಗೆಯಿರಿ. ಬೆಂಕಿ ತಾಗಿ ಕಾಂಡ ಸತ್ತರೂ ಕಿತ್ತು ಬಿಸಾಡಬೇಡಿ. ಬೇರು ಜೀವಂತ ಇದ್ದರೆ ಮಳೆಗೆ ಬುಡದಿಂದ ಮತ್ತೆ ಚಿಗುರುತ್ತದೆ.

ಎರಡು ವರ್ಷ ಕಳೆಯಿತೋ, ನೀರಿನ ಕೊಡ ಒಳಗಿಡಿ. ಇದನ್ನು ಹೇಳಿದರೆ ಜನ ಒಪ್ಪುವುದಿಲ್ಲ. ಪ್ರೀತಿಯಿಂದ ಸಾಕಿದ ಗಿಡ ಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗುವಾಗ ಕರುಳು ಚುರುಕ್ ಅನ್ನುತ್ತದೆ, ಪೈಪು ತಂದು ಬಿಡುತ್ತಾರೆ. ನೀರು ಸಿಕ್ಕಿದ ಮರ ಎಲೆ ಇಟ್ಟುಕೊಳ್ಳುತ್ತದೆ, ಹೂ ಕಡಿಮೆ ಮಾಡುತ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ನೀರು ಬೀಳುವ ಅಂಚಿನ ಕಕ್ಕೆಯನ್ನೂ ಮೇಲೆ ಬೋಳು ಪದವಿನ ಕಕ್ಕೆಯನ್ನೂ ಒಟ್ಟಿಗೆ ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಗೊಬ್ಬರದ ಕತೆಯೂ ಹಾಗೆಯೇ. ಹೆಚ್ಚು ಕೊಟ್ಟಷ್ಟೂ ಸೊಪ್ಪು. ಇದು ದ್ವಿದಳ ಜಾತಿಯದ್ದಾದರೂ ಇದರ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳಿಲ್ಲ. ಆದ್ದರಿಂದ ಮಣ್ಣು ಫಲವತ್ತಾಗಲಿ ಎಂದು ಇದನ್ನು ನೆಡುವವರು ಬೇರೆ ಮರ ಹುಡುಕಬೇಕು. ಮೊದಲ ಹೂವಿಗೆ ಐದರಿಂದ ಎಂಟು ವರ್ಷ. ಅವಸರ ಇರುವವರಿಗೆ ಹೇಳಿ ಮಾಡಿಸಿದ ಮರ ಅಲ್ಲ.

ಮಳೆಗಾಲದಲ್ಲಿ ಚಿಗುರೆಲೆಯನ್ನು ಹಸಿರು ಹುಳಗಳು ತಿಂದು ಜಾಲರಿ ಮಾಡುವುದುಂಟು. ಅವು ತಿಳಿಹಳದಿಯ ವಲಸೆ ಚಿಟ್ಟೆಗಳ ಮರಿಗಳು. ಕೆಲವೇ ವಾರಗಳಲ್ಲಿ ಚಿಟ್ಟೆಯಾಗಿ ಹಾರಿಹೋಗುತ್ತವೆ, ಮರ ಮತ್ತೆ ಚಿಗುರುತ್ತದೆ. ದಯವಿಟ್ಟು ವಿಷ ಹೊಡೆಯಬೇಡಿ. ಇದನ್ನು ಬೇರೆ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾದೀತು, ಕಾಸರಗೋಡಿನವರಿಗೆ ಬೇಡ. ಇದೇ ಪದವುಗಳ ಗೇರುತೋಟದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯಂಥ ಹಳ್ಳಿಗಳಲ್ಲಿ ಅದರ ನೋವು ಇನ್ನೂ ಆರಿಲ್ಲ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಷೇಧಿಸಿದ್ದು 2011ರಲ್ಲಿ. ಗೇರು ಕೂಡ ಬರ ತಾಳುವ ಮರವೇ, ತಪ್ಪು ಅದರದ್ದಲ್ಲ.

ಸಿಂಪಡಣೆ ಬೇಡ ಎನ್ನಲು ಇನ್ನೊಂದು ಕಾರಣ ದುಂಬಿ. ಕಕ್ಕೆಯ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಹತ್ತು ಕೇಸರ ಇರುತ್ತವೆ, ಎಲ್ಲ ಒಂದೇ ತರದವಲ್ಲ. ಮೂರು ಉದ್ದಕ್ಕೆ ಬಾಗಿ ಹೊರಗೆ ಚಾಚಿರುತ್ತವೆ, ನಾಲ್ಕು ಮಧ್ಯಮ, ಮೂರು ತೀರ ಚಿಕ್ಕವು. ಈ ಹೂವಿನಲ್ಲಿ ಮಕರಂದ ಇಲ್ಲ, ಕೊಡುವುದು ಪರಾಗ ಮಾತ್ರ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿ ಬಂದು ಮಧ್ಯದ ಕೇಸರಗಳನ್ನು ಅಪ್ಪಿಹಿಡಿದು ಝೇಂಕರಿಸುತ್ತದೆ. ಆ ನಡುಕಕ್ಕೆ ಪರಾಗ ಉದುರುತ್ತದೆ. ದುಂಬಿ ತನ್ನ ಊಟ ಒಟ್ಟು ಮಾಡುವಾಗ ಹೊರಗೆ ಚಾಚಿದ ಉದ್ದ ಕೇಸರದ ಪರಾಗ ಅದರ ಮೈಗೆ ಹತ್ತಿ ಇನ್ನೊಂದು ಮರಕ್ಕೆ ಹೋಗುತ್ತದೆ. ದುಂಬಿ ಇಲ್ಲದ ಊರಿನಲ್ಲಿ ಹೂ ಎಷ್ಟಿದ್ದರೂ ಕೋಡು ಆಗುವುದು ಕಡಿಮೆ. ಸತ್ತ ಕೊಂಬೆ ಎಂದು ಎಲ್ಲವನ್ನೂ ಕಡಿದು ಗುಡಿಸಿ ಹಾಕದೆ ಎಲ್ಲೋ ಒಂದು ಮೂಲೆಯಲ್ಲಿ ಒಂದು ಒಣಮರ ಉಳಿಸಿ.

ಬಿಸುವಿನ ಮಾತಿಲ್ಲದೆ ಕಕ್ಕೆಯ ಮಾತು ಮುಗಿಯುವುದಿಲ್ಲ. ಪಗ್ಗು ತಿಂಗಳ ಮೊದಲ ದಿನ ಕಣಿ ಇಡುವಾಗ ಸೌತೆಕಾಯಿ, ತೆಂಗಿನಕಾಯಿ, ಕನ್ನಡಿಯ ಜತೆ ಈ ಹೂವಿನ ಗೊಂಚಲು ಬೇಕು. ಚಂದ್ರಗಿರಿ ಹೊಳೆಯ ತೆಂಕು ಬದಿಗೆ ಹೋದಷ್ಟೂ ಇದು ಕಡ್ಡಾಯ. ಆದರೆ ಈಚಿನ ವರ್ಷಗಳಲ್ಲಿ ಹೂವು ಬಿಸುವಿಗೆ ಕಾಯುವುದಿಲ್ಲ. ಒಣಹವೆ ಬೇಗ ಏರಿದ ವರ್ಷ ಶಿವರಾತ್ರಿಯ ಹೊತ್ತಿಗೇ ಅರಳಿ, ಬಿಸುವಿಗೆ ಹಸಿರು ಎಲೆಯಷ್ಟೇ ಉಳಿದಿರುತ್ತದೆ. ಮರಗಳ ಋತುಮಾನವನ್ನು ಜನರೇ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆಗೆ ಕೇರಳದ ಶಾಲಾಮಕ್ಕಳು ವಾರವಾರವೂ ಕಕ್ಕೆಯ ಎಲೆ, ಹೂ, ಕಾಯಿಗಳ ವರದಿ ಕಳುಹಿಸುತ್ತಿದ್ದಾರೆ. ನಿಮ್ಮ ಊರಿನ ಶಾಲೆಯ ಬಳಿ ಒಂದು ಕಕ್ಕೆ ಇದ್ದರೆ ಅಧ್ಯಾಪಕರು ಇದನ್ನು ಕೈಗೆತ್ತಿಕೊಳ್ಳಬಹುದು, ಖರ್ಚೇನೂ ಇಲ್ಲ.

ಹೂ ಸಿಗದ ಪೇಟೆಯಲ್ಲಿ ಈಗ ಪ್ಲಾಸ್ಟಿಕ್ ಕಕ್ಕೆ ಹೂ ಮಾರಾಟಕ್ಕೆ ಬಂದಿದೆ. ವರ್ಷದ ಮೊದಲ ಬೆಳಿಗ್ಗೆ ಕಣ್ಣುಬಿಟ್ಟು ಪ್ಲಾಸ್ಟಿಕ್ ನೋಡುವುದಕ್ಕಿಂತ ಹೂವಿಲ್ಲದ ಕಣಿ ವಾಸಿ ಎಂದು ನನ್ನ ಅಭಿಪ್ರಾಯ. ಹಬ್ಬದ ಮುನ್ನಾದಿನ ಮರ ಹತ್ತಿ ಕೊಂಬೆ ಸಮೇತ ಮುರಿದು ತರುವವರಿಗೂ ಒಂದು ಮಾತು. ಮುರಿದ ಕಡೆ ತೊಗಟೆ ಸೀಳಿ ಕೆಳಗಿನವರೆಗೆ ಬರುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ಕೊಳೆ ಶುರು. ದೋಟಿಗೆ ಕತ್ತಿ ಕಟ್ಟಿ ಗೊಂಚಲು ಮಾತ್ರ ಕೊಯ್ಯಿರಿ.

ಕೊನೆಗೆ ಒಂದು ಎಚ್ಚರಿಕೆ. ಕಕ್ಕೆ ಎಂದು ಹೇಳಿ ಬೇರೆಯೇ ಮರ ಕೊಡುವುದುಂಟು. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕದ ಮರ ನೋಡಲು ಇದರ ತಮ್ಮನಂತೆ ಇದೆ, ಮಲಯಾಳದಲ್ಲಿ ಮಂಜಕೊನ್ನ ಅನ್ನುತ್ತಾರೆ. ಅಂದಕ್ಕೆಂದು ನೆಟ್ಟ ಆ ಮರ ವಯನಾಡಿನ ಅಭಯಾರಣ್ಯಕ್ಕೆ ನುಗ್ಗಿ, ಬುಡದಲ್ಲಿ ಹುಲ್ಲು ಬೆಳೆಯಲು ಬಿಡದೆ ಹಬ್ಬಿ, ಈಗ ಅರಣ್ಯ ಇಲಾಖೆ ಅದನ್ನು ಕಿತ್ತು ಸುಸ್ತಾಗಿದೆ. ಕಡಿದರೆ ಹತ್ತಾಗಿ ಚಿಗುರುವ ಜಾತಿ ಅದು. ನಮ್ಮ ಗಡಿಯಾಚೆ ಬಂಡೀಪುರ, ನಾಗರಹೊಳೆಯ ಕಾಡಿಗೂ ಬಂದಿದೆ. ಸಸಿ ಕೊಳ್ಳುವಾಗ ಎಲೆ ನೋಡಿ. ಕಕ್ಕೆಯದ್ದು ಅಂಗೈ ಅಗಲಕ್ಕೆ ಹತ್ತಿರದ ದೊಡ್ಡ ಎಲೆಗಳು, ಒಂದು ದಂಟಿಗೆ ಮೂರರಿಂದ ಎಂಟು ಜೊತೆ. ಮಂಜಕೊನ್ನದ್ದು ಸಪೂರ ಎಲೆಗಳು, ಸಾಮಾನ್ಯವಾಗಿ ಹತ್ತು ಜೊತೆ ಅಥವಾ ಅದಕ್ಕೂ ಹೆಚ್ಚು. ಹೂ ಇದ್ದರೆ ಗುರುತು ಇನ್ನೂ ಸುಲಭ: ಕಕ್ಕೆಯ ಗೊಂಚಲು ಕೆಳಕ್ಕೆ ಇಳಿಬೀಳುತ್ತದೆ, ಇನ್ನೊಂದರದ್ದು ಮೇಲಕ್ಕೆ ನಿಲ್ಲುತ್ತದೆ.

ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ತಲಪಾಡಿಯಿಂದ ಇತ್ತ ಎಷ್ಟೋ ಸಾಲುಮರಗಳು ಹೋದವು. ಪಂಚಾಯತುಗಳು, ಯುವಕ ಸಂಘಗಳು, ಶಾಲೆಗಳು ಮುಂದಿನ ಜೂನ್‌ನಲ್ಲಿ ಏನು ನೆಡುವುದು ಎಂದು ಯೋಚಿಸುತ್ತಿದ್ದರೆ, ಪದವಿನ ಬದಿಯ ರಸ್ತೆಗಳಿಗೆ ಕಕ್ಕೆ ಇರಲಿ. ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ. ಚೆನ್ನಾಗಿ ಹೂ ಬಿಡುವ ಮರವನ್ನು ಈ ಬೇಸಗೆಯಲ್ಲೇ ಗುರುತು ಮಾಡಿಡಿ, ಕಪ್ಪಾದ ಕೋಡು ಬೀಳುವಾಗ ನಾಲ್ಕು ಹೆಕ್ಕಿ ತನ್ನಿ. ಮಳೆಗೆ ಮೊದಲು ಬೀಜ ತಿಕ್ಕಿ ನೆನೆಹಾಕಲು ಮರೆಯಬೇಡಿ.